ದ್ರೌಪದಿ ಕಾಕುವಿನ ಹಾಲು

ಹಾಲಿಗೆ ನೀರು ಬೆರೆಸುತ್ತಾಳೆ ಎಂಬ ಹೆಸರು ಹೊತ್ತ ಮೇಲೂ ದ್ರೌಪದಿ ಸೋಲಾಪುರದ ಬಳಿಯ ಕುಂಭಾರಿ ಊರಿನಲ್ಲಿ ತಲೆಯೆತ್ತಿಕೊಂಡೇ ಓಡಾಡುತ್ತಿದ್ದಳು. ಸ್ವಪ್ನಿಲನ ಹೊಟ್ಟೆಯುರಿಗೆ ಅದೇ ಕಾರಣ. ಬಾವಿಯ ಜಗಳಕ್ಕೆ ಮನೆ ಎರಡಾದಂದಿನಿಂದ ಅವನು ಈ ಚಿಕ್ಕಪ್ಪನ ಹೆಂಡತಿಯನ್ನು ‘ಕಾಕು’ ಎಂದು ಕರೆದದ್ದೇ ಇಲ್ಲ. ಅವರ ಮನೆಯಲ್ಲಿ ‘ಆಕಿ’ ಎಂದರೆ ಸಾಕು, ಯಾರೆಂದು ತಿಳಿಯುತ್ತಿತ್ತು. ಊರಿಗೆ ಮಾತ್ರ ಅವಳು ಕಾಕುವೇ.

ಡೇರಿಯ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದುಕೊಟ್ಟವನು ಸೋಲಾಪುರದಲ್ಲಿ ಓದಿ ಬಂದ ಈ ಸ್ವಪ್ನಿಲನೇ. ಕ್ಲಾರ್ಕ್ ನಾಗಣ್ಣ ಮರಾಠಿಯಲ್ಲಿ ಹೆಸರು ಒತ್ತಿದರೆ, ಹಾಲು ಪರೀಕ್ಷಿಸುವ ಯಂತ್ರ ಅದರ ಮುಂದೆ ಹಾಲಿನ ಫ್ಯಾಟ್, ಎಂದರೆ ಕೊಬ್ಬಿನಂಶದ ಅಂಕಿ, ಸೇರಿಸುತ್ತಿತ್ತು. ಆ ಸಾಲಿನಿಂದ ಹೆಸರನ್ನೂ ಅಂಕಿಯನ್ನೂ ಬಿಡಿಸಿ ಕೊಡುವುದು ಸಿ ಎಂಬ ಕಂಪ್ಯೂಟರ್ ಭಾಷೆಯ swscanf ಎಂಬ ಆಜ್ಞೆ. ಅದು ಇಂಗ್ಲಿಷ್ ಒಂದೇ ಅಲ್ಲ, ನಮ್ಮ ಅಕ್ಷರಗಳನ್ನೂ ಓದುತ್ತದೆ ಎಂದು ಅವನು ಊರೆಲ್ಲ ಹೇಳಿಕೊಂಡು ಮೆರೆದಿದ್ದ.

ಆ ಪ್ರೋಗ್ರಾಮ್ ಬಂದಂದಿನಿಂದ ದ್ರೌಪದಿಯ ಎಮ್ಮೆಯ ಹಾಲು ಆಕಳ ಹಾಲಿಗಿಂತ ಗಟ್ಟಿ ಬರಲೇ ಇಲ್ಲ. ಅವಳ ಮಗಳು ಮಯೂರಿಯನ್ನು ನೋಡಿ ಒಪ್ಪಿದ್ದ ಅಕ್ಕಲಕೋಟದವರು ಈ ಸುದ್ದಿ ಕೇಳಿ ಹಿಂದೆ ಸರಿದರು. ಡೇರಿಯ ಚೇರಮನ್ ಗುರುಸಿದ್ಧ ಅವಳ ಹಾಲು ನಿಲ್ಲಿಸುವ ಮಾತಾಡಿದ. ಪ್ರೋಗ್ರಾಮ್ ಬರೆದ ಆ ಹುಡುಗನೇ ಬೇಕಂತ ಹೀಗೆ ಮಾಡಿಟ್ಟಿದ್ದಾನೆ ಎಂದು ದ್ರೌಪದಿ ಎಲ್ಲರೆದುರು ಹೇಳಿದಳು.

ಸ್ವಪ್ನಿಲನಿಗೆ ಮೈಯೆಲ್ಲ ಉರಿಯಿತು. ಅವಳ ಸೊಕ್ಕು ಇಳಿಸಿಯೇ ತೀರುತ್ತೇನೆಂದು ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತಂದು, ಯಂತ್ರ ಕಳಿಸಿದ ಸಾಲು ಇದ್ದದ್ದು ಇದ್ದ ಹಾಗೆ ಕಾಣುವಂತೆ ಇಟ್ಟುಕೊಂಡು ಕೂತ. ಅವನ ತಾಯಿ ನಂದಾ ಹಿರಿಯ ಸೊಸೆ. ಎಂದಿನಂತೆ ಓರಗಿತ್ತಿಯನ್ನು ಹಿಂದೆ ತಳ್ಳಿ ಮೊದಲು ತನ್ನ ಆಕಳ ಹಾಲು ಹಾಕಿದಳು. ಫ್ಯಾಟ್ ಮೂರೂವರೆ ಬಂತು. ಆಮೇಲೆ ದ್ರೌಪದಿ. ಡೇರಿಯ ಪರದೆಯ ಮೇಲೆ ಮತ್ತೆ ಮೂರೂವರೆ. ಲ್ಯಾಪ್‌ಟಾಪಿನಲ್ಲಿ ಮಾತ್ರ ಯಂತ್ರ ಕಳಿಸಿದ ಸಾಲು ಬೇರೆಯೇ ಇತ್ತು: ದ್ರೌಪದಿ ಕಾಕು, ಆರು ಪಾಯಿಂಟ್ ಎಂಟು.

ಅವನು ಆ ಸಾಲನ್ನು ಮತ್ತೊಮ್ಮೆ ಓದಿದ. ಉಳಿದವರಿಗೆಲ್ಲ ಬರೀ ಹೆಸರು ಹಾಕುವ ನಾಗಣ್ಣ, ಮರ್ಯಾದೆಗೆಂದು ಇವಳೊಬ್ಬಳಿಗೆ ‘ಕಾಕು’ ಸೇರಿಸಿದ್ದ. ಹೆಸರು ಒಂದೇ ಪದವೆಂದು ನಂಬಿದ್ದ ಪ್ರೋಗ್ರಾಮ್ ‘ದ್ರೌಪದಿ’ಯವರೆಗೆ ಓದಿ, ಅಂಕಿ ಇರಬೇಕಾದಲ್ಲಿ ‘ಕಾಕು’ ಕಂಡು ಅಲ್ಲೇ ನಿಂತುಬಿಟ್ಟಿತ್ತು. ಹೆಸರು, ಅಂಕಿ ಎರಡರಲ್ಲಿ ಒಂದನ್ನೇ ಓದಿದ್ದೇನೆ ಎಂದು swscanf ದಿನಾ ತಿಳಿಸಿಯೂ ಇತ್ತು; ಅದನ್ನು ವಿಚಾರಿಸುವ ಗೋಜಿಗೆ ಸ್ವಪ್ನಿಲ ಹೋಗಿರಲಿಲ್ಲ. ಹಾಗಾಗಿ ಇವಳಿಗಿಂತ ಮುಂಚೆ ಹಾಲು ಹಾಕಿದವರ ಅಂಕಿ, ಎಂದರೆ ಅವನ ತಾಯಿಯ ಆಕಳ ಅಂಕಿ, ದಿನಾ ಇವಳ ಹೆಸರಿಗೆ ಉಳಿದಿತ್ತು.

ಚೇರಮನ್ ಎದುರಿಗೇ ನಿಂತಿದ್ದರೂ, ಲ್ಯಾಪ್‌ಟಾಪಿನ ಪರದೆ ಕಾಣುತ್ತಿದ್ದುದು ಸ್ವಪ್ನಿಲನೊಬ್ಬನಿಗೇ. ಮುಚ್ಚಿಟ್ಟರೆ ಮುಗಿದೇ ಹೋಗುತ್ತಿತ್ತು.

“ನೀರ ಹಾಕ್ಯಾಳ ಅಂತ ಹೇಳೋ,” ಎಂದಳು ನಂದಾ.

ದ್ವೇಷವೇನೂ ಕಡಿಮೆಯಾಗಿರಲಿಲ್ಲ, ಆದರೆ ನಾಚಿಕೆ ಅದಕ್ಕಿಂತ ದೊಡ್ಡದಾಗಿತ್ತು. “ಇಲ್ರಿ ಚೇರಮನ್ ಸಾಹೇಬ್ರ, ನೀರ ಹಾಕಿಲ್ಲ. ತಪ್ಪು ನಂದು,” ಎಂದು ಎಲ್ಲವನ್ನೂ ಬಿಡಿಸಿ ಹೇಳಿದ.

ನಂದಾ ಮಗನ ಮುಖವನ್ನೂ ನೋಡದೆ, ಸಂಜೆ ಊಟಕ್ಕೆ ಬೇರೆ ಮನೆ ನೋಡಿಕೊ ಎಂದು ಹೊರಟೇ ಹೋದಳು.

“ಇವತ್ತ ಸರಿ ಮಾಡ್ತೀನಿ, ಕಾಕು,” ಎಂದ ಸ್ವಪ್ನಿಲ.

ದ್ರೌಪದಿ ಖಾಲಿ ಕ್ಯಾನು ಎತ್ತಿಕೊಂಡಳು.

“ಮೊದಲ ಅಕ್ಕಲಕೋಟಕ್ಕ ಹೋಗಿ ಇದನ್ನ ಆ ಮಂದಿ ಮುಂದ ಹೇಳು,” ಎಂದಳು. “ನಿನ್ನ ಮಶೀನ ಕಾಕು ಅನ್ನೂದಕ್ಕ ಬಂದು ನಿಂತಿತು, ನೀನೂ ಇಷ್ಟ ದಿನ ಅಲ್ಲೇ ನಿಂತಿದ್ದಿ. ಮಶೀನ ಬೇಕಾದರ ಕಾಕು ಅನ್ನಲಿ. ನೀ ಮಾತ್ರ ಇನ್ನ ನನಗ ಕಾಕು ಅನಬ್ಯಾಡ.”