ಲಾಂಡ್ರಿಯವನು ತೊಳೆದ ಕೊಳ

ಸಂಜೆಯ ಬಸ್ಸಿಗೆ ಹೆಂಡತಿ ಬರುವವಳಿದ್ದಳು. ಅವತ್ತು ಬೆಳಿಗ್ಗೆ ಲಾಂಡ್ರಿಯವನು ಹಿತ್ತಲ ಬಾಗಿಲು ತೆರೆದು ಮೀನಿನ ಕೊಳದ ಕಡೆ ನೋಡಿದ. ಮಗಳ ಬಾಣಂತನಕ್ಕೆಂದು ಅವಳು ಹೊರಟಾಗ ಚಳಿ ಆಗಷ್ಟೇ ಶುರುವಾಗಿತ್ತು. ಈಗ ಚಳಿ ಮುಗಿದು ಬಿಸಿಲು ಬಲಿಯುತ್ತಿತ್ತು. ನಡುವೆ ಉದುರಿದ ಎಲೆಗಳೆಲ್ಲ ತಳದಲ್ಲಿ ಕೊಳೆತು, ನೀರು ಕಡುಹಸಿರಾಗಿ, ಒಳಗೆ ಮೀನುಗಳಿವೆಯೋ ಇಲ್ಲವೋ ಎಂಬುದೇ ಕಾಣುತ್ತಿರಲಿಲ್ಲ. "ದಿನಾ ಒಂದ್ಸಲ ಎಲೆ ತೆಗೀರಿ, ಸಾಕು" ಎಂದು ಅವಳು ಕೈಗೆ ಕೊಟ್ಟುಹೋದ ಬಲೆ ಗೋಡೆಗೆ ಒರಗಿಸಿದಲ್ಲೇ ಇತ್ತು. ಅದರಲ್ಲಿ ಜೇಡವೊಂದು ಸಂಸಾರ ಹೂಡಿತ್ತು.

ಆ ಮನೆಯಲ್ಲಿ 'ಎಲ್ಲ ಚೆನ್ನಾಗಿದೆ' ಎಂಬ ಮಾತಿಗೆ ನಿಷೇಧವಿತ್ತು. ಕೆಲವು ವರ್ಷಗಳ ಹಿಂದೆ ಅವಳ ಅಪ್ಪ ಕುಸಿದುಬಿದ್ದ ಸುದ್ದಿ ಮೊದಲು ಬಂದದ್ದು ಇವನಿಗೆ. ಅಂದು ಅಂಗಡಿಯಲ್ಲಿ ಹೋಟೆಲಿನ ಚಾದರಗಳು ಬೆಟ್ಟದಷ್ಟು ಬಿದ್ದಿದ್ದವು. ಬೆಳಿಗ್ಗೆ ಹೇಳಿದರಾಯಿತೆಂದು ಇವನು ಸುಮ್ಮನಾದ. ಊರಲ್ಲೆಲ್ಲ ಹೇಗಿದ್ದಾರೆಂದು ಅವಳು ಕೇಳಿದಾಗ "ಎಲ್ಲ ಚೆನ್ನಾಗಿದ್ದಾರೆ" ಎಂದ. ಬೆಳಗಾಗುವಷ್ಟರಲ್ಲಿ ಮಾವನ ಉಸಿರು ನಿಂತಿತ್ತು. ಅವಳು ಕಿರುಚಲಿಲ್ಲ, ಜಗಳವಾಡಲಿಲ್ಲ. "ಇನ್ಮೇಲೆ ನಾನು ಕೇಳಿದಾಗ ಮೊದಲು ಕೆಟ್ಟದ್ದು ಹೇಳಿ. ಒಳ್ಳೇದು ಕಾಯುತ್ತೆ. ಇನ್ನೊಂದ್ಸಲ ಮುಚ್ಚಿಟ್ರೆ ನಿಮ್ಮ ಮಾತನ್ನ ಯಾವತ್ತೂ ನಂಬಲ್ಲ" ಎಂದಿದ್ದಳು, ಅಷ್ಟೆ.

ಅಂದಿನಿಂದ ಅವಳ ಫೋನು ಶುರುವಾಗುವುದೇ ಹಾಗೆ. ಆದರೆ ಅವಳು ಚಾಪೆಯ ಕೆಳಗೆ ತೂರಿದರೆ ಇವನು ರಂಗೋಲಿಯ ಕೆಳಗೆ ತೂರಿದ. ಅಂಗಿಯ ಗುಂಡಿ ಒಡೆಯಿತು, ಹಾಲು ಉಕ್ಕಿತು ಎಂದು ದಿನಕ್ಕೊಂದು ಸಣ್ಣ ಕೆಟ್ಟದ್ದನ್ನು ಮುಂದಿಟ್ಟು ದೊಡ್ಡದನ್ನು ಹಿಂದೆ ಸರಿಸುವ ವಿದ್ಯೆ ಕಲಿತ. ಚಳಿಗಾಲವಿಡೀ ಗುಂಡಿಗಳು ಒಡೆದವು. ಕೊಳದ ಸುದ್ದಿ ಮಾತ್ರ ಬರಲಿಲ್ಲ.

ಕೊಳೆಯೆಂದರೆ ಅವನಿಗೆ ಹುಟ್ಟುವೈರಿ. ಕಾಲರಿನ ಜಿಡ್ಡು, ಶಾಯಿಯ ಕಲೆ, ಯಾವುದೂ ಅವನ ಮುಂದೆ ನಿಂತದ್ದಿಲ್ಲ. ಇಷ್ಟಗಲದ ಕೊಳ ಯಾವ ಲೆಕ್ಕ? ಬೆಂಕಿ ಬಿದ್ದಾಗ ಬಾವಿ ತೋಡುವವನ ಹುರುಪಿನಲ್ಲಿ ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಯಿಂದ ದೊಡ್ಡ ಟಬ್ಬು ತಂದು, ಕೊಳದ ನೀರನ್ನೇ ತುಂಬಿ, ಮೀನುಗಳನ್ನು ಹಿಡಿದು ಅದಕ್ಕೆ ಬಿಟ್ಟ. ಉಳಿದ ನೀರನ್ನು ಚರಂಡಿಗೆ ಹರಿಸಿದ. ಕಲ್ಲಿನ ಪಾಚಿಯನ್ನು ಬ್ರಷ್ಷಿನಿಂದ ಕೆರೆದು ಕೆರೆದು ತೆಗೆದ. ಪಂಪಿಗೆ ನೀರು ಸೋಸಿ ಬಿಡುವ ಸ್ಪಂಜು ಕಪ್ಪಗೆ ಜಿಗುಟಾಗಿತ್ತು. ಅದನ್ನು ಅಂಗಡಿಗೆ ಒಯ್ದು, ಚಾದರ ಒಗೆಯುವ ಯಂತ್ರಕ್ಕೆ ಹಾಕಿ, ಬಿಳುಪಿನ ಪುಡಿ ಸುರಿದು ತಿರುಗಿಸಿದ. ಜಗತ್ತಿನಲ್ಲಿ ಬೇರೆ ಯಾರಿಗೂ ಈ ಬುದ್ಧಿ ಹೊಳೆಯುತ್ತಿರಲಿಲ್ಲ. ಸ್ಪಂಜು ಹೊಸದರಂತೆ ಹಳದಿಯಾಗಿ ಹೊರಬಂತು. ಅದನ್ನು ಸ್ವಸ್ಥಾನದಲ್ಲಿ ಕೂರಿಸಿ, ನಲ್ಲಿಯ ನೀರು ತುಂಬಿಸಿ, ಮೀನುಗಳನ್ನು ಮರಳಿ ಬಿಟ್ಟ. ಟಬ್ಬಿನ ಹಸಿರು ನೀರು ಚೆಲ್ಲಲು ಸೊಂಟ ಒಪ್ಪಲಿಲ್ಲ, ಅದು ಹಾಗೇ ಉಳಿಯಿತು.

ಹಿತ್ತಲ ಕುರ್ಚಿಯಲ್ಲಿ ಕೂತಿದ್ದ ಅವನ ತಾಯಿ ತಲೆದೂಗಿದಳು. "ಹಲ್ಲು ಉಜ್ಜಿದ ಹಾಗಿದೆ ಕಣೋ. ನಿನ್ನ ಹೆಂಡ್ತೀನೂ ಇಷ್ಟು ಚೊಕ್ಕ ಮಾಡಿದ್ದಿಲ್ಲ."

ಅವನು ಬೀಗಿದ. ಬೀಗಿ ಮುಗಿಯುವ ಮೊದಲೇ ಮೀನುಗಳ ಚಲನೆ ಕೆಟ್ಟಿತು. ಮೊದಲು ಹುಚ್ಚು ಹಿಡಿದಂತೆ ಗೋಡೆಯಿಂದ ಗೋಡೆಗೆ ನುಗ್ಗಿದವು. ಆಮೇಲೆ ಒಂದೊಂದೇ ಮೇಲೆ ಬಂದು ಬಾಯಿ ತೆರೆದು ಗಾಳಿಗೆ ತಡಕಾಡತೊಡಗಿದವು. ನೀರು ಎಷ್ಟು ತಿಳಿಯಾಗಿತ್ತೆಂದರೆ ಅವುಗಳ ಸಂಕಟ ಒಂದಿಷ್ಟೂ ಮರೆಯಾಗಿ ಉಳಿಯಲಿಲ್ಲ. ಎಲ್ಲಕ್ಕಿಂತ ದೊಡ್ಡದು, ಹಣೆಯಲ್ಲಿ ಕಪ್ಪು ಮಚ್ಚೆಯಿದ್ದ 'ದೊಡ್ಡಮ್ಮ', ಒಂದು ಪಕ್ಕಕ್ಕೆ ವಾಲುತ್ತಿತ್ತು. ಅದು ಮಾವ ತನ್ನ ಕೈಯಾರೆ ತಂದುಕೊಟ್ಟ ಮೀನು.

ಆಗಲೇ ಫೋನು ಬಡಿದುಕೊಂಡಿತು.

"ರೀ, ಬಸ್ಸಲ್ಲಿದೀನಿ. ಮೊದಲು ಕೆಟ್ಟದ್ದು ಹೇಳಿ."

"ಇಸ್ತ್ರಿ ಪೆಟ್ಟಿಗೆ ವೈರು ಸುಟ್ಟೋಯ್ತು."

"ಮೀನುಗಳು?"

"ಇವೆ, ಇವೆ. ಇಲ್ಲೇ ಮುಂದೇನೇ ನಿಂತಿದೀನಿ. ಸರಿ, ಗಿರಾಕಿ ಬಂದ್ರು" ಎಂದು ಫೋನು ಇಟ್ಟ. ಮುಂದೆ ನಿಂತದ್ದೇನೋ ನಿಜ. ಅವನ ಕಣ್ಣೆದುರಿಗೇ ಪುಟ್ಟ ಬಿಳಿ ಮೀನೊಂದು ಹೊಟ್ಟೆ ಮೇಲೆ ಮಾಡಿ ತೇಲಿತು.

ತಾಯಿ ಎದ್ದು ಬಂದು ಇಣುಕಿದಳು. "ಅಯ್ಯೋ, ಹೋಗ್ಲಿ ಬಿಡು. ಮೀನಿನ ಹಣೇಲಿ ಹೆಸರು ಬರೆದಿದೆಯಾ? ಪೇಟೇಲಿ ಸಿಗುತ್ತೆ, ಅಂಥವೇ ತಂದು ಬಿಡು. ಬಾಯಿಬಿಟ್ರೆ ಬಣ್ಣಗೇಡು."

ಸುಳ್ಳೇಕೆ, ಅವನ ಕೈ ಸ್ಕೂಟರಿನ ಕೀಲಿಗೆ ಹೋಯಿತು. ಬಿಳಿಯದಕ್ಕೆ ಬಿಳಿಯದು ಸಿಕ್ಕೀತು. ಕೀಲಿ ಹಿಡಿದುಕೊಂಡೇ ಅವನು ದೊಡ್ಡಮ್ಮನ ಹಣೆ ನೋಡಿದ. ಹೆಸರು ಬರೆದೇ ಇತ್ತು. ಮಾವನೂ ಒಂದು ರಾತ್ರಿ ಹೀಗೆಯೇ ಉಸಿರಿಗೆ ತಡಕಾಡಿದ್ದ. ಆಗಲೂ ಇವನ ಕೈಯಲ್ಲಿ ಫೋನಿತ್ತು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಕೀಲಿಯನ್ನು ಕಲ್ಲಿನ ಮೇಲೆ ಎಸೆದು ಹೆಂಡತಿಯ ನಂಬರು ಒತ್ತಿದ. ರಿಂಗಾಗುತ್ತಲೇ ಇತ್ತು. ಅವಳು ಎತ್ತದಿದ್ದರೆ ಸಾಕೆಂದು ಅರ್ಧ ಮನಸ್ಸು, ಎತ್ತಲಿ ಎಂದು ಇನ್ನರ್ಧ.

"ಏನ್ರೀ?"

"ಕೆಟ್ಟದ್ದು ಇದೆ. ಮೀನು ಸಾಯ್ತಿವೆ. ನಾನೇ ಮಾಡಿದ್ದು." ಕಲ್ಲು ಉಜ್ಜಿದ್ದು, ನಲ್ಲಿ ನೀರು, ಬಿಳುಪಿನ ಪುಡಿ, ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿದ.

ಆ ಕಡೆ ಬಸ್ಸು ಗುರುಗುರು ಎನ್ನುತ್ತಿತ್ತು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಹಳೇ ನೀರು ಒಂದು ಹನೀನಾದ್ರೂ ಉಳಿದಿದೆಯಾ?"

"ಟಬ್ಬಲ್ಲಿದೆ. ಚೆಲ್ಲೋಕೆ ಸೊಂಟ ನೋಯ್ತಿತ್ತು."

"ಆ ಸೊಂಟಕ್ಕೆ ಪುಣ್ಯ ಬರ್ಲಿ. ಎಲ್ಲಾ ಮೀನೂ ಅದಕ್ಕೆ ಹಾಕಿ, ಈಗಲೇ. ನಲ್ಲಿ ನೀರಲ್ಲಿರೋ ಔಷಧಿ ಅವುಗಳ ಕಿವಿರು ಸುಡುತ್ತೆ. ಆ ಸ್ಪಂಜನ್ನ ಕಿತ್ತು ಬಿಸಾಕಿ. ಅದರಲ್ಲಿದ್ದ ಕೊಳೇನೇ ಕಣ್ರೀ ನೀರು ಕಾಯ್ತಿದ್ದಿದ್ದು. ಅದನ್ನ ಕೊಳದ ನೀರಲ್ಲೇ ಒಂದ್ಸಲ ಅದ್ದಿ ಹಿಂಡಬೇಕಿತ್ತು, ಅಷ್ಟೇ. ಆಮೇಲೆ ಟಬ್ಬಿನ ನೀರನ್ನ ಚೊಂಬಲ್ಲಿ ಮೊಗೆದು ಎತ್ತರದಿಂದ ಅದಕ್ಕೇ ಸುರೀತಾ ಇರಿ, ಗಾಳಿ ಸೇರ್ಲಿ. ನಾನು ಬರೋವರೆಗೂ ನಿಲ್ಲಿಸಬೇಡಿ."

ಅವನು ಮೊಣಕಾಲವರೆಗೆ ನೀರಿಗಿಳಿದ. ಬಲೆ ತರಲು ಹೋಗದೆ ಬರಿಗೈಯಲ್ಲೇ ಮೀನುಗಳನ್ನು ಬಾಚಿದ. ದೊಡ್ಡಮ್ಮ ಕೈಗೆ ಬಂದಾಗ ಕೊಸರಲೂ ಇಲ್ಲ, ಒದ್ದೆ ಬಟ್ಟೆಯಂತೆ ತೂಗಿತು. ಟಬ್ಬಿಗೆ ಬಿಟ್ಟರೆ ಹಸಿರು ನೀರಿನಲ್ಲಿ ಮುಳುಗಿ ಕಾಣೆಯಾಯಿತು. ಮುಳುಗಿದ್ದೋ ಸತ್ತದ್ದೋ ತಿಳಿಯಲಿಲ್ಲ. ಅವನು ಚೊಂಬು ಎತ್ತಿ ಸುರಿದ. ಮತ್ತೆ ಎತ್ತಿದ, ಮತ್ತೆ ಸುರಿದ. ಭುಜ ಉರಿಯಿತು, ತೋಳು ಮರಗಟ್ಟಿತು. "ನಾನು ಸ್ವಲ್ಪ ಹೊತ್ತು ಸುರೀಲೇನೋ?" ಎಂದು ತಾಯಿ ಮೆತ್ತಗೆ ಕೇಳಿದಳು. ಅವನು ಬೇಡವೆಂದ. ಅಂಗಡಿಯ ಮುಂದೆ ಯಾರೋ ಬಾಗಿಲು ಬಡಿದು, ಬೈದುಕೊಂಡು ಹೋದರು.

ಬಿಸಿಲು ಗೋಡೆ ಇಳಿಯುವ ಹೊತ್ತಿಗೆ ಅವಳು ಬಂದಳು. ಚೀಲ ಹೆಗಲಲ್ಲಿದ್ದಂತೆಯೇ ನೇರ ಹಿತ್ತಲಿಗೆ ನಡೆದು, ಟಬ್ಬಿನ ಪಕ್ಕ ಕೂತು, ಅವನ ಮುಖ ನೋಡದೆ ನೀರಿಗೆ ಕೈಯಿಳಿಸಿದಳು.

"ಎಷ್ಟು ಹೋದ್ವು?"

"ಮೂರು. ಅಲ್ಲಿ, ಎಲೆ ಮೇಲೆ ಇಟ್ಟಿದೀನಿ."

ನೀರಿನೊಳಗೆ ಅವಳ ಕೈ ತಡಕಿತು, ನಿಂತಿತು. ಅವನು ಸುರಿಯುವುದನ್ನು ಮರೆತ. ಮೆಲ್ಲಗೆ, ಬಲು ಮೆಲ್ಲಗೆ, ಕಪ್ಪು ಮಚ್ಚೆಯ ಹಣೆಯೊಂದು ಮೇಲೆ ಬಂದು ಅವಳ ಬೆರಳನ್ನು ಮುಟ್ಟಿ ಕೆಳಗಿಳಿಯಿತು. ಅವಳ ಕಣ್ಣು ತುಂಬಿತು.

"ಇನ್ನೇನಾದ್ರೂ ಕೆಟ್ಟದ್ದು ಉಳಿದಿದೆಯಾ?"

"ಇದೆ." ಅವನು ಚೊಂಬು ಕೆಳಗಿಟ್ಟ. "ಚಳಿಗಾಲ ಪೂರ್ತಿ ನಾನು ಕೊಳದ ಕಡೆ ತಲೆ ಹಾಕಿಲ್ಲ."

"ಗೊತ್ತಿತ್ತು" ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ದಿನಾ ಗುಂಡಿ ಒಡೀತು, ಗುಂಡಿ ಒಡೀತು ಅಂತಿದ್ರಲ್ಲ, ನಮ್ಮ ಅಂಗಡೀಲಿ ಅಷ್ಟು ಗುಂಡಿ ಎಲ್ಲಿದ್ವು? ಇವತ್ತಾದ್ರೂ ನಿಜ ಹೇಳ್ತೀರೇನೋ ಅಂತ ಕಾಯ್ತಾ ಇದ್ದೆ. ಮೊದಲನೇ ಫೋನಿಗೆ ಹೇಳಲಿಲ್ಲ."

ಅವನು ಮತ್ತೆ ಸುರಿಯಲೆಂದು ಚೊಂಬು ಎತ್ತಹೋದರೆ ತೋಳು ಏಳಲಿಲ್ಲ. ಅವಳು ಅವನ ಕೈಯಿಂದ ಅದನ್ನು ತೆಗೆದುಕೊಂಡಳು.

"ಕೊಡಿ ಇಲ್ಲಿ" ಎಂದಳು. "ಎರಡನೇ ಫೋನಿಗೆ ಹೇಳಿದ್ರಲ್ಲ."