ಉಸಿರಿನ ಕಾಲಂ

ನಮ್ಮ ಎಮರ್ಜೆನ್ಸಿಗೆ ಬರುವವರೆಲ್ಲ ನಿಮಿಷಕ್ಕೆ ಇಪ್ಪತ್ತು ಸಲ ಉಸಿರಾಡುತ್ತಾರೆ. ಬೈಕಿನಿಂದ ಬಿದ್ದವನದೂ ಇಪ್ಪತ್ತು, ಹೊಟ್ಟೆನೋವಿನ ಹೆಂಗಸಿನದೂ ಇಪ್ಪತ್ತು, ದಮ್ಮು ಹತ್ತಿ ಇಬ್ಬರು ರಟ್ಟೆ ಹಿಡಿದು ಕರೆತಂದ ಮುದುಕನದೂ ಇಪ್ಪತ್ತು. ಇದು ನನ್ನ ಮಾತಲ್ಲ, ನಮ್ಮ ಚೀಟಿಗಳ ಮಾತು. ದೇವರು ಹೈದರಾಬಾದಿನವರಿಗೆಲ್ಲ ಒಂದೇ ಅಳತೆಯ ತಿದಿ ಕೊಟ್ಟಿದ್ದಾನೆಂದು ಓದಿದವರು ನಂಬಬೇಕು.

ರೋಗಿ ಬಂದ ಕೂಡಲೇ ನರ್ಸು ತುಂಬುವ ಚೀಟಿಯಲ್ಲಿ ಐದು ಕಾಲಂ ಇವೆ. ಬಿ.ಪಿ., ನಾಡಿ, ಜ್ವರ, ಆಕ್ಸಿಜನ್, ಉಸಿರು. ಮೊದಲ ನಾಲ್ಕಕ್ಕೆ ಯಂತ್ರಗಳಿವೆ, ಅವು ಕೂಗಿ ಹೇಳುತ್ತವೆ. ಉಸಿರಿಗೆ ಮಾತ್ರ ನಮ್ಮಲ್ಲಿ ಯಂತ್ರವಿಲ್ಲ. ಕೈಗಡಿಯಾರ ಹಿಡಿದು, ರೋಗಿಯ ಎದೆ ಏರಿಳಿಯುವುದನ್ನು ನೋಡುತ್ತ, ಬಾಯಿ ಮುಚ್ಚಿಕೊಂಡು ಪೂರ್ತಿ ಒಂದು ನಿಮಿಷ ನಿಲ್ಲಬೇಕು. ಬೆಳಗಿನ ಒಂಬತ್ತಕ್ಕೆ ನಲವತ್ತು ಜನ ಸಾಲಾಗಿ ನಿಂತಿರುವಾಗ ಒಂದು ನಿಮಿಷ ಸುಮ್ಮನೆ ನಿಂತ ನರ್ಸನ್ನು ಜನ ಬೈಯುತ್ತಾರೆ, ಡಾಕ್ಟರೂ ಬೈಯುತ್ತಾರೆ. ಆದ್ದರಿಂದ ಎಣಿಸದೆಯೇ ಇಪ್ಪತ್ತು. ಹೊಸದಾಗಿ ಸೇರಿದವರಿಗೆ ಮೊದಲ ವಾರ ಹಳಬರು ಕಲಿಸುವ ವಿದ್ಯೆ ಇದು. ನನಗೂ ಕಲಿಸಿದರು, ನಾನೂ ಎಷ್ಟೋ ಮಂದಿಗೆ ಕಲಿಸಿದೆ.

ನಾನು ಶೈಲಶ್ರೀ, ಶಹಾಪುರದವಳು. ಈ ಸರ್ಕಾರಿ ಆಸ್ಪತ್ರೆಗೆ ಬಂದು ಹನ್ನೊಂದು ವರ್ಷವಾಯಿತು. ಕೂಕಟ್‌ಪಲ್ಲಿಯಿಂದ ನಾಂಪಲ್ಲಿಯವರೆಗೆ ಮೆಟ್ರೋದಲ್ಲಿ ನಿಂತು ಬರುತ್ತೇನೆ, ಎಂಟರಿಂದ ಎರಡರವರೆಗೆ ವಾರ್ಡಿನಲ್ಲಿ ನಿಂತಿರುತ್ತೇನೆ, ಮತ್ತೆ ನಿಂತುಕೊಂಡೇ ಮನೆಗೆ ಹೋಗುತ್ತೇನೆ. ಇಷ್ಟು ಸಾಲದೆಂದು ಮೂರು ವರ್ಷದ ಹಿಂದೆ ಪಿಎಚ್.ಡಿ.ಗೆ ಸೇರಿದೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ. ವಿಷಯ ಬೇರೆ ಏನಾದರೂ ಆರಿಸಿಕೊಳ್ಳಬಹುದಿತ್ತು. ನಾನು ಆರಿಸಿಕೊಂಡದ್ದು ಉಸಿರಿನ ಕಾಲಂ.

ಕೆಲಸ ಸರಳ. ಕಳೆದ ಹನ್ನೆರಡು ತಿಂಗಳ ಚೀಟಿಗಳಲ್ಲಿ ಮುನ್ನೂರನ್ನು ಲಾಟರಿ ಎತ್ತಿ ತೆಗೆಯುವುದು, ನರ್ಸು ಬರೆದ ಉಸಿರಿನ ಸಂಖ್ಯೆಯನ್ನು ಆಮೇಲೆ ಡಾಕ್ಟರು ನೋಡಿ ಬರೆದ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡುವುದು. ಯಾರ ಮೇಲೂ ಆರೋಪ ಬರಬಾರದೆಂದು ರೆಕಾರ್ಡ್ ರೂಮಿನವರು ರೋಗಿಯ ಹೆಸರಿನ ಮೇಲೆ, ನರ್ಸಿನ ಸಹಿಯ ಮೇಲೆ ಬಿಳಿ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ಡ್ಯೂಟಿ ಮುಗಿಸಿ ಮಧ್ಯಾಹ್ನ ಮೂರರವರೆಗೆ ಅಲ್ಲಿ ಕೂತು, ಉರಿಯುವ ಪಾದಗಳನ್ನು ಚಪ್ಪಲಿಯಿಂದ ಹೊರಗಿಟ್ಟುಕೊಂಡು ಚೀಟಿ ಓದುತ್ತಿದ್ದೆ. ನೂರೈವತ್ತು ಚೀಟಿ ಮುಗಿಯುವಷ್ಟರಲ್ಲಿ ನೂರ ಇಪ್ಪತ್ತೊಂದರಲ್ಲಿ ಇಪ್ಪತ್ತು ಸಿಕ್ಕಿತ್ತು. ನನಗೆ ನಗು ಬರುತ್ತಿತ್ತು. ಪಟ್ಟಿಯ ಕೆಳಗೆ ಯಾರಿರಬಹುದೆಂದು ಅಕ್ಷರ ನೋಡಿ ಊಹಿಸಿ, ಒಳಗೊಳಗೇ ಬೈಯುತ್ತಲೂ ಇದ್ದೆ.

ನೂರ ಎಂಬತ್ತೇಳನೆಯ ಚೀಟಿ ಬಂದದ್ದು ಒಂದು ಮಂಗಳವಾರ. ಹೆಂಗಸು, ಐವತ್ತಾರು ವರ್ಷ. ಬಂದದ್ದು ಆಗಸ್ಟ್ ತಿಂಗಳಲ್ಲಿ, ಬೆಳಗ್ಗೆ ಒಂಬತ್ತು ಹತ್ತಕ್ಕೆ. ನರ್ಸು ಚೀಟಿ ತುಂಬಿದ್ದು ಒಂಬತ್ತು ಇಪ್ಪತ್ತೈದಕ್ಕೆ. ಆಕ್ಸಿಜನ್ ತೊಂಬತ್ತನಾಲ್ಕು, ಉಸಿರು ಇಪ್ಪತ್ತು. ಕೈಗೆ ಹಳದಿ ಪಟ್ಟಿ, ಅಂದರೆ ಬೆಂಚಿನ ಮೇಲೆ ಕಾಯಬಹುದು. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಡಾಕ್ಟರು ನೋಡಿದಾಗ ಆಕ್ಸಿಜನ್ ಎಂಬತ್ತೆರಡು, ಉಸಿರು ಮೂವತ್ತೆಂಟು. ಕೂಡಲೇ ಐಸಿಯು. ಚೀಟಿಯ ಕೊನೆಗೆ ನರ್ಸು ಎರಡು ಪದ ಬರೆದು ಅಡಿಗೆರೆ ಎಳೆದಿದ್ದಳು: ಕನ್ನಡ ಮಾತ್ರ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಗಲು ಮುಟ್ಟಿಕೊಳ್ಳುವ ಅಗತ್ಯವೂ ಇರಲಿಲ್ಲ. ಅಕ್ಷರ ನನ್ನದು, ಅಡಿಗೆರೆ ನನ್ನದು. ಹಾಗೆ ಬರೆಯುವವಳು ಆ ವಾರ್ಡಿನಲ್ಲಿ ನಾನೊಬ್ಬಳೇ.

ಆ ಹೆಂಗಸು ಯಾರೆಂದೂ ಕೂಡಲೇ ನೆನಪಾಯಿತು. ಹೆಸರು ಸೂಗಮ್ಮ. ಸೇಡಂ ಕಡೆಯವಳು. ಕೂಕಟ್‌ಪಲ್ಲಿಯಲ್ಲಿ ಗಂಡನ ಜೊತೆ ಇದ್ದು, ನಮ್ಮ ಕಡೆಯ ಮನೆಗಳಿಗೆ ಖಡಕ್ ರೊಟ್ಟಿ ಮಾಡಿಕೊಡುತ್ತಿದ್ದಳು. ಆ ದಿನ ಒಂಬತ್ತಕ್ಕೇ ಒಂದು ಆಟೋ ಅಪಘಾತದ ಐದು ಜನ ಒಟ್ಟಿಗೆ ಬಂದಿದ್ದರು. ನಡುವೆ ಇವಳು ಗಂಡನ ಕೈ ಹಿಡಿದು ಬಂದು ನಿಂತಳು. ತೆಲುಗಿನಲ್ಲಿ ಕೇಳಿದೆ, ಅವಳು ಗಂಡನ ಮುಖ ನೋಡಿದಳು. ಕನ್ನಡದಲ್ಲಿ ಕೇಳಿದೆ.

"ಯವ್ವಾ, ನೀ ನಮ್ಮಾಕೀನ?" ಎಂದಳು. ಆ ಸುಸ್ತಿನಲ್ಲೂ ಮುಖ ಅರಳಿತು. "ಯಾವೂರು... ಬೇ ನಿಂದು?"

"ಶಹಾಪುರ ರೀ. ಏನಾಗಾಕತ್ತೈತಿ?"

"ಎದಿ... ಹಿಡದಂಗ... ಆಗೈತಿ. ಮೂರು ದಿನದಿಂದ... ಜ್ವರ."

ಎರಡು ಪದಕ್ಕೊಮ್ಮೆ ಅವಳು ನಿಲ್ಲುತ್ತಿದ್ದಳು. ಮಾತಿನ ನಡುವೆ ಉಸಿರಿಗೆ ನಿಲ್ಲುವ ರೋಗಿಯನ್ನು ಬೆಂಚಿಗೆ ಕಳಿಸಬಾರದೆಂದು ನಾನೇ ವಿದ್ಯಾರ್ಥಿನಿಯರಿಗೆ ಪಾಠ ಮಾಡಿದ್ದೇನೆ. ಆದರೆ ಆ ಗದ್ದಲದಲ್ಲಿ ನನ್ನ ಊರಿನ ಮಾತು ಕಿವಿಗೆ ಬಿದ್ದದ್ದೇ ನನಗೆ ಹಿತವಾಗಿತ್ತು. ಇಷ್ಟು ಮಾತಾಡುತ್ತಾಳಲ್ಲ, ಚೆನ್ನಾಗಿಯೇ ಇದ್ದಾಳೆ ಎಂದುಕೊಂಡೆ. ಆಕ್ಸಿಜನ್ ತುಸು ಕಡಿಮೆ ತೋರಿಸಿದ್ದಕ್ಕೆ ಅವಳ ಬೆರಳು ತಣ್ಣಗಿವೆ ಎಂಬ ನೆಪ ಸಿಕ್ಕಿತು. ಇಪ್ಪತ್ತು ಬರೆದೆ, ಹಳದಿ ಪಟ್ಟಿ ಕಟ್ಟಿದೆ, ಆಟೋದವರ ಕಡೆಗೆ ಓಡಿದೆ.

ಅವಳು ಐಸಿಯುವಿನಲ್ಲಿ ನಾಲ್ಕು ದಿನ ಇದ್ದಳು. ಡ್ಯೂಟಿ ಮುಗಿದ ಮೇಲೆ ಹೋಗಿ ಗಂಡನಿಗೆ ಡಾಕ್ಟರ ಮಾತು ತಿಳಿಸಿ ಹೇಳುತ್ತಿದ್ದೆ. ನಾಲ್ಕನೆಯ ದಿನ ತೀರಿಕೊಂಡಳು. ಗಂಡ ಅಮೃತಪ್ಪ ನನ್ನೆದುರು ಕೈಮುಗಿದು, "ನೀವಿದ್ರಿ ಅಂತ ಆಕಿ ಕಡೀಕ ನಮ್ಮ ಮಾತು ಆಡಿ ಹೋದ್ಲು" ಎಂದಿದ್ದರು. ನಾನು ಅತ್ತಿದ್ದೆ. ಎಷ್ಟು ಒಳ್ಳೆಯ ನರ್ಸು ನಾನು ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಅಂದುಕೊಂಡೂ ಇದ್ದೆ. ಆ ಚೀಟಿಯಲ್ಲಿ ಏನು ಬರೆದಿದ್ದೆ ಎಂಬುದು ಒಮ್ಮೆಯೂ ನೆನಪಾಗಲಿಲ್ಲ.

ಚೀಟಿ ಸಿಕ್ಕ ಸಂಜೆಯೇ ತಾರ್ನಾಕಕ್ಕೆ ಹೋಗಿ ನನ್ನ ಗೈಡ್ ಭವಾನಿ ಮೇಡಂ ಮುಂದೆ ಕೂತೆ. ಅವರು ಚಹಾ ಕೊಟ್ಟು, ಕನ್ನಡಕ ಒರೆಸಿಕೊಂಡು, ಸಂಶೋಧಕಿಯೇ ತುಂಬಿದ ಚೀಟಿಯನ್ನು ಬಿಡಬಹುದು, ನಿಯಮದಲ್ಲಿ ಅದಕ್ಕೆ ಅವಕಾಶವಿದೆ, ಇನ್ನೊಂದು ಲಾಟರಿ ಎತ್ತು ಎಂದರು. ಸುಳ್ಳೇನೂ ಹೇಳಲಿಲ್ಲ, ನಿಯಮ ಹಾಗೆಯೇ ಇದೆ. ಮರುದಿನ ನಮ್ಮ ಇನ್‌ಚಾರ್ಜ್ ಪ್ರೇಮಾ ಸಿಸ್ಟರಿಗೂ ಹೇಳಿದೆ. ಅವರು ಬೀದರಿನವರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

"ಅರೇ ಶೈಲಾ, ಹುಚ್ಚಿ ಇದ್ದೀ ಏನು? ಎಲ್ಲರ ಮನಿ ದೋಸೀನೂ ತೂತಽ. ನೀ ಒಬ್ಬಾಕಿ ನಿನ್ನ ದೋಸಿ ಎತ್ತಿ ತೋರಸಬ್ಯಾಡ" ಎಂದರು. ಆಮೇಲೆ ದನಿ ತಗ್ಗಿಸಿ, "ಆಕಿ ಗಂಡಗ ಅಂತೂ ಏನೂ ಹೇಳಬ್ಯಾಡ. ಕೇಸ್ ಹಾಕಿದ್ರ ನೌಕರಿಗೆ ಕುತ್ತು" ಎಂದರು.

ಹೇಳಬಾರದೆಂದೇ ನಾನೂ ನಿರ್ಧರಿಸಿದ್ದೆ. ಸತ್ತವಳು ಎದ್ದು ಬರುವುದಿಲ್ಲ, ಬದುಕಿರುವವನು ನೆಮ್ಮದಿಯಾಗಿದ್ದಾನೆ, ನನಗೆ ಇನ್ನೂ ಇಪ್ಪತ್ತನಾಲ್ಕು ವರ್ಷ ಸೇವೆ ಇದೆ. ದಣಿದವರಿಗೆ ಇಂಥ ತರ್ಕ ಬೇಗ ಒಪ್ಪಿಗೆಯಾಗುತ್ತದೆ.

ಆದರೆ ಅಮೃತಪ್ಪ ನೆಮ್ಮದಿಯಾಗಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವರು ಬಂದರು. ಮರಣ ಪತ್ರದಲ್ಲಿ ಹೆಂಡತಿಯ ವಯಸ್ಸು ತಪ್ಪಾಗಿತ್ತು, ಅದನ್ನು ತಿದ್ದಿಸುವ ಅರ್ಜಿ ನಾನೇ ಬರೆದುಕೊಟ್ಟಿದ್ದೆ. ಆ ಕೆಲಸ ಮುಗಿದಿತ್ತು. ಆದರೂ ನನ್ನನ್ನು ಹುಡುಕಿಕೊಂಡು ನರ್ಸುಗಳ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದೆ. ಕೈಯಲ್ಲಿ ಬಟ್ಟೆಯ ಗಂಟು. ಬಿಚ್ಚಿದರೆ ಖಡಕ್ ರೊಟ್ಟಿ, ಹಪ್ಪಳದಷ್ಟು ತೆಳು, ಮೇಲೆ ಎಳ್ಳು.

"ತಗೋರಿ ತಂಗೀ. ಆಕಿ ಮಾಡಿದ್ದಽ ರಿ, ಅವತ್ತಿನವು."

"ಅವತ್ತಿನವು ಅಂದ್ರ?"

"ದವಾಖಾನಿಗೆ ಬಂದ ದಿನ." ಅವರು ಗಂಟಿನ ಕಡೆ ನೋಡಲಿಲ್ಲ. "ಮುಂಜಾನಿ ಎದ್ದು, ಎದಿ ಹಿಡದೈತಿ, ದವಾಖಾನಿಗೆ ಹೋಗೂಣ ನಡೀರಿ ಅಂದ್ಲು. ಒಬ್ಬರ ಮನ್ಯಾಗ ಕಾರ್ಯ ಇತ್ರಿ, ನಲವತ್ತು ರೊಟ್ಟಿ ಹೇಳಿದ್ರು. ಹದಿನೈದು ಉಳದಿದ್ವು. ನಾ ಏನಂದೆ, ಹದಿನೈದಽ ಅದಾವಲ್ಲ, ಮುಗಸು, ಹೋಗೂಣ ಅಂದೆ. ಆಕಿ ಕುಂತು ಬಡದ್ಲು ರಿ. ಅರ್ಧಾ ತಾಸು. ಆ ಹದಿನೈದು ಒಯ್ದು ಕೊಡಾಕ ಮನಸಾಗ್ಲಿಲ್ಲ. ಡಬ್ಬ್ಯಾಗ ಇಟ್ಟೀನಿ. ತಿನ್ನಾಕೂ ಆಗವಲ್ದು, ಚೆಲ್ಲಾಕೂ ಆಗವಲ್ದು. ನೀವು ನಮ್ಮವ್ರು, ಆಕಿ ಮಾರಿ ಕಂಡವ್ರು. ನೀವಾದ್ರೂ ತಿನ್ರಿ."

ನಾನು ಕೈಚಾಚಲಿಲ್ಲ.

"ಒಂದ ಮಾತು ಖರೇ ಹೇಳ್ರಿ ತಂಗೀ. ಆ ಅರ್ಧಾ ತಾಸು ಮೊದಲ ತಂದಿದ್ರ ಆಕಿ ಉಳೀತಿದ್ಲಾ? ನಾನಽ ತಡಾ ಮಾಡಿದ್ನಾ?"

ಈ ಮನುಷ್ಯ ಮೂರು ತಿಂಗಳಿಂದ ಆ ಅರ್ಧ ಗಂಟೆಯನ್ನು ಹೊತ್ತು ತಿರುಗುತ್ತಿದ್ದರು. ನನ್ನ ಬಳಿ ಒಂದು ಗಂಟೆ ನಲವತ್ತು ನಿಮಿಷವಿತ್ತು. ಅದನ್ನು ಚೀಟಿಯೊಳಗೆ ಮುಚ್ಚಿಟ್ಟು, ನಿಯಮ ಓದಿಸಿಕೊಂಡು, ಚಹಾ ಕುಡಿದು ಬಂದಿದ್ದೆ. ನಿಮ್ಮ ತಪ್ಪಿಲ್ಲ ಕಾಕಾ, ಹಣೆಬರಹ ಎಂದು ಒಂದು ಮಾತು ಹೇಳಿ ಕಳಿಸಬಹುದಿತ್ತು. ದಿನಕ್ಕೆ ನಾಲ್ಕು ಸಲ ಆ ಮಾತು ಹೇಳಿ ಕಳಿಸುತ್ತೇವೆ. ಅವರು ತಲೆಯಾಡಿಸುತ್ತಿದ್ದರು, ಮನೆಗೆ ಹೋಗಿ ಮತ್ತೆ ಆ ಡಬ್ಬಿಯ ಮುಂದೆ ಕೂರುತ್ತಿದ್ದರು. ಪ್ರೇಮಾ ಸಿಸ್ಟರ್ ಹೇಳಿದ ನೌಕರಿಯ ಕುತ್ತು ನೆನಪಾಯಿತು.

"ತಡಾ ಮಾಡಿದವ್ರು ನೀವಲ್ಲ ಕಾಕಾ" ಎಂದೆ. "ನಾನು."

ಅವರಿಗೆ ಅರ್ಥವಾಗಲಿಲ್ಲ.

"ನೀವು ಒಂಬತ್ತು ಹತ್ತಕ್ಕ ಬಂದ್ರಿ. ಡಾಕ್ಟರ್ ನೋಡಿದ್ದು ಹನ್ನೊಂದು ಮ್ಯಾಲೆ. ನಡುವ ಬೆಂಚಿನ ಮ್ಯಾಲೆ ಕುಂದರಸಿದ್ದು ನಾನು. ಬಂದ ಕೂಡ್ಲೆ ಉಸಿರು ಎಣಸಬೇಕು. ನಾ ಎಣಸ್ಲಿಲ್ಲ. ಎಣಸದಽ ಇಪ್ಪತ್ತು ಅಂತ ಬರದೆ. ಎಣಸಿದ್ರ ಗೊತ್ತಾಗ್ತಿತ್ತು, ಆವಾಗಿಂದಾವಾಗ ಒಳಗ ಒಯ್ತಿದ್ರು. ಉಳೀತಿದ್ರೋ ಇಲ್ಲೋ, ಅದು ನನಗೂ ಗೊತ್ತಿಲ್ಲ ಕಾಕಾ. ಖರೇನಽ ಗೊತ್ತಿಲ್ಲ. ಆದ್ರ ಆ ಹೊತ್ತು ಕಳದಾಕಿ ನಾನು."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಹೊರಗೆ ಯಾರದೋ ಹೆಸರನ್ನು ತೆಲುಗಿನಲ್ಲಿ ಕೂಗುತ್ತಿದ್ದರು. ಅಮೃತಪ್ಪ ನನ್ನ ಕೈಗಡಿಯಾರವನ್ನು ನೋಡಿದರು.

"ಹೆಂಗ ಎಣಸ್ತಾರ್ರಿ ಅದನ್ನ?"

"ಎದಿ ನೋಡ್ಕೋತ ಗಡಿಯಾರ ಹಿಡದು."

"ನನ್ನ ಎಣಸ್ರಿ. ನೋಡೂಣ."

ಬೇಡ ಎನ್ನುವ ಹಕ್ಕು ನನಗಿರಲಿಲ್ಲ. ಕೈಗಡಿಯಾರ ಬಿಚ್ಚಿ ಅವರಿಗೂ ಕಾಣುವಂತೆ ಮೇಜಿನ ಮೇಲಿಟ್ಟೆ. ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬಂದಾಗ ಶುರುಮಾಡಿದೆ. ಹಳೆಯ ಅಂಗಿಯ ಒಳಗೆ ಅವರ ಎದೆ ಏರಿತು, ಇಳಿಯಿತು. ಅವರು ಮುಳ್ಳನ್ನೇ ನೋಡುತ್ತಿದ್ದರು. ಮುಳ್ಳು ಸುತ್ತಿ ಮತ್ತೆ ಹನ್ನೆರಡಕ್ಕೆ ಬಂತು.

"ಇಪ್ಪತ್ತಾರು" ಎಂದೆ.

ಅವರು ಸಂಖ್ಯೆಯನ್ನು ಕೇಳಿಸಿಕೊಳ್ಳಲೇ ಇಲ್ಲ. ಗಡಿಯಾರದಿಂದ ಕಣ್ಣು ಎತ್ತಿ ನನ್ನನ್ನು ನೋಡಿದರು.

"ಇಷ್ಟಽ ಏನ್ರಿ? ಇಷ್ಟಽ ಹೊತ್ತು ಬೇಕಾಗಿತ್ತೇನ್ರಿ?"

"ಹೂಂ ಕಾಕಾ. ಇಷ್ಟಽ."

ಅವರು ಎದ್ದರು. ಮೇಜಿನ ಮೇಲಿದ್ದ ಗಂಟನ್ನು ಮತ್ತೆ ಕಟ್ಟಿ, ಎರಡು ಕೈಯಿಂದ ಎತ್ತಿ ಎದೆಗೆ ಹಿಡಿದುಕೊಂಡರು.

"ಇವನ್ನ ಇನ್ನ ನಾನಽ ತಿಂತೀನ್ರಿ" ಎಂದು ಹೇಳಿ ಹೋದರು. ಈ ಸಲ ಕೈಮುಗಿಯಲಿಲ್ಲ.

ನಾನು ರೆಕಾರ್ಡ್ ರೂಮಿಗೆ ಹೋಗಿ, ಬಿಡಲೆಂದು ಪಕ್ಕಕ್ಕಿಟ್ಟಿದ್ದ ನೂರ ಎಂಬತ್ತೇಳನ್ನು ನನ್ನ ಮುನ್ನೂರರಲ್ಲಿ ಅದರ ಜಾಗಕ್ಕೇ ಸೇರಿಸಿದೆ.