ಹೊಟ್ಟೆಯೊಳಗಿನ ಗೆಜ್ಜೆ

ಉದುರಿದ ಸೂಜಿ ಹೆಕ್ಕುವ ಅಯಸ್ಕಾಂತವನ್ನು ತಂಗಿ, ಸತ್ತ ಅಕ್ಕನ ಅಂಗಿಯ ಅಂಚಿನುದ್ದಕ್ಕೂ ಆಡಿಸಿ, ಕೊನೆಗೆ ಎದೆಯ ಮೇಲೆ ತಂದು ನಿಲ್ಲಿಸಿದಾಗ ಭಾವ ಒಳಗೆ ಬಂದ.

"ಏನು ಮಾಡ್ತಿದೀಯಮ್ಮ?"

"ಸೂಜಿ ಉಳಿದಿದೆಯಾ ಅಂತ ನೋಡ್ದೆ. ಒಂದೂ ಇಲ್ಲ."

"ಎದೇಲಿ ಎಂಥ ಸೂಜಿ?"

ಅವಳು ಅಯಸ್ಕಾಂತವನ್ನು ಅಲ್ಲೇ ಹಿಡಿದು ಕಾದಳು. ಭಾವ ಬಯ್ಯಲಿಲ್ಲ, ಅವನೂ ಒಂದು ಗಳಿಗೆ ಕಾದ. ಅಯಸ್ಕಾಂತ ಸುಮ್ಮನಿತ್ತು. ಅಕ್ಕನೂ.

ಹೊಲಿಗೆಯ ಮೇಜನ್ನು ಗೋಡೆಗೆ ತಳ್ಳಿ, ಕೋಣೆಯ ನಡುವೆ ಅಕ್ಕನನ್ನು ಮಲಗಿಸಿದ ಪೆಟ್ಟಿಗೆ ಇಟ್ಟಿದ್ದರು. ಹಿತ್ತಾಳೆ ಚಿಲಕದ ಮುಚ್ಚಳ ಕಿಟಕಿಗೆ ಒರಗಿತ್ತು. ಅಕ್ಕ ಆಯಸ್ಸೆಲ್ಲ ಪರರ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಕೊಟ್ಟವಳು. ಯಾರದು ಯಾರಿಗೋ ಹೋಗದಿರಲೆಂದು ಒಬ್ಬೊಬ್ಬರ ಬಟ್ಟೆಯ ಒಳಮಡಿಕೆಗೆ ಒಂದೊಂದು ಬಣ್ಣದ ದಾರದ ಗಂಟು ಹಾಕುತ್ತಿದ್ದಳು. ಪಕ್ಕದ ಮನೆಯಾಕೆ ಬಂದು ಕಣ್ಣೊರೆಸಿಕೊಂಡು, ತನ್ನ ಕೋಟಿನ ಒಂದು ತೋಳು ಇನ್ನೂ ಇವಳ ಹತ್ತಿರವೇ ಇದೆ, ಇನ್ನು ಯಾರನ್ನು ಕೇಳಲಿ ಎಂದಳು. ಹಿಂದೆ ಯಾರಿಗೋ ನಗು ಬಂತು, ಕೆಮ್ಮಿ ಮುಚ್ಚಿಕೊಂಡರು.

ಮುಚ್ಚಳ ಬೀಳುವ ಮೊದಲು ತಂಗಿಗೆ ಒಂದೇ ಸಂಗತಿ ತಿಳಿಯಬೇಕಿತ್ತು. ತಾನು ಕೊಟ್ಟದ್ದು ಅಕ್ಕನೊಳಗೆ ಕೊನೆಯವರೆಗೂ ಬದುಕಿತ್ತೇ?

*

ಅಕ್ಕನ ಗುಂಡಿಗೆ ಸೋತಾಗ ಡಾಕ್ಟರು ತಂಗಿಯ ಮೂಳೆಮಜ್ಜೆಯಿಂದ ಜೀವಕೋಶಗಳನ್ನು ತೆಗೆದು, ಬೆಳೆಸಿ, ಅಲ್ಲಿ ನೆಟ್ಟಿದ್ದರು. ನೆಡುವ ಮೊದಲು ಅವಕ್ಕೆ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಕಬ್ಬಿಣದ ಪುಡಿ ಉಣಿಸಿದ್ದರು. ಸ್ಕ್ಯಾನಿನಲ್ಲಿ ಅವು ಕಪ್ಪು ಚುಕ್ಕೆಗಳಾಗಿ ಕಂಡು, ಎಲ್ಲಿವೆಯೆಂಬ ಗುರುತು ಸಿಗಲಿ ಎಂದು.

"ನನ್ನ ದಾರದ ಗಂಟಿನ ಹಾಗೆ," ಎಂದಿದ್ದಳು ಅಕ್ಕ. ಆಮೇಲೆ ಅದನ್ನು ಗೆಜ್ಜೆ ಎಂದೇ ಕರೆದಳು. ಅಂಬೆಗಾಲಿನ ದಿನಗಳಲ್ಲಿ ಸಂದಿಗೊಂದಿ ನುಸುಳುತ್ತಿದ್ದ ತಂಗಿಯ ಪತ್ತೆಗೆಂದು ಅಜ್ಜಿ ಅವಳ ಕಾಲಿಗೆ ಗೆಜ್ಜೆ ಕಟ್ಟಿದ್ದಳಂತೆ.

ಗೆಜ್ಜೆ ಎಂದರೆ ಅಜ್ಜಿಯ ಕತೆಯೂ ನೆನಪಾಗಲೇಬೇಕು. ಕಾಡಿಗೆ ಹೋದ ಹುಡುಗಿಯನ್ನು ತೋಳ ನುಂಗಿತು. ಹುಡುಗಿ ಅರಗಿದಳು, ಗೆಜ್ಜೆ ಅರಗಲಿಲ್ಲ. ಸಂಜೆ ಬಾಗಿಲಾಚೆ ಘಲ್ ಘಲ್. ಮಗಳು ಬಂದಳೆಂದು ತಾಯಿ ಎದ್ದು ಬಾಗಿಲು ತೆಗೆದಳು. ಆಮೇಲೆ? ಎಂದರೆ ಅಜ್ಜಿ ದೀಪ ಆರಿಸಿ, ಮಲಗ್ರೇ, ಅನ್ನುತ್ತಿದ್ದಳು.

ಕೊನೆಯ ಸ್ಕ್ಯಾನ್ ಮುಗಿಸಿ ಬಸ್ಸಿನಲ್ಲಿ ಬರುವಾಗ ಅಕ್ಕ ಇದ್ದಕ್ಕಿದ್ದಂತೆ, "ಆ ತಾಯಿಗೆ ಗೊತ್ತಿತ್ತು ಕಣೇ, ಆಚೆ ಇರೋದು ತೋಳ ಅಂತ," ಎಂದಳು.

"ಮತ್ಯಾಕೆ ಬಾಗಿಲು ತೆಗೆದ್ಲು?"

ಅಕ್ಕ, ಕೈಯಲ್ಲಿ ಇಲ್ಲದ ದಾರವನ್ನು ಹಲ್ಲಿನಲ್ಲಿ ಕಡಿದಳು. ಅವಳ ಅಭ್ಯಾಸ ಅದು.

"ಸದ್ದು ಮಗಳದ್ದೇ ಅಲ್ವಾ."

ಅಂದಿನಿಂದ ದಿನಾ ಬೆಳಿಗ್ಗೆ ತಂಗಿಯ ಅಂಗೈ ಎಳೆದು ಎದೆಯ ಮೇಲಿಟ್ಟುಕೊಂಡು, ನೋಡು, ಹೇಗೆ ಓಡಾಡ್ತಿದೀಯ, ಅನ್ನುತ್ತಿದ್ದಳು. ಅಂಗೈಯಡಿ ಏನೋ ಓಡಾಡಿದ್ದು ತಂಗಿಗೆ ನಿಜಕ್ಕೂ ತಿಳಿದಿತ್ತು.

*

ಆಸ್ಪತ್ರೆಯಲ್ಲಿ ಸ್ಕ್ಯಾನ್ ತೆಗೆಯುವವನು ಅಕ್ಕನನ್ನು ಕೊನೆಯ ಸಲ ನೋಡಲು ಬಂದ. ಅಕ್ಕ ಅವನಿಗೆ ಫೋಟೋದವನು ಎಂದು ಹೆಸರಿಟ್ಟಿದ್ದಳು. ತಂಗಿ ಅವನನ್ನು ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

"ಕೊನೇ ಸಲ ಚುಕ್ಕೆ ಇದ್ವಾ?"

"ಇದ್ವು."

"ಹಾಗಾದ್ರೆ ನನ್ನವು ಬದುಕಿದ್ವು."

ಅವನು ತೊಳೆಯದ ಲೋಟಗಳನ್ನು ನೋಡುತ್ತ ನಿಂತ. ಆಮೇಲೆ ಮೆಲ್ಲಗೆ ಹೇಳಿದ. ಜೀವಕೋಶ ಸತ್ತರೂ ಕಬ್ಬಿಣ ಹಾಗೇ ಉಳಿಯುತ್ತದೆ. ಸತ್ತದ್ದನ್ನು ತಿಂದು ಚೊಕ್ಕಟ ಮಾಡುವ ಕೋಶಗಳು ಮೈಯೊಳಗೇ ಇರುತ್ತವೆ. ತಿಂದ ಮೇಲೆ ಕಬ್ಬಿಣ ಅವುಗಳ ಹೊಟ್ಟೆಯಲ್ಲಿ. ಚಿತ್ರದಲ್ಲಿ ಎರಡೂ ಒಂದೇ ಕಪ್ಪು. ತಂಗಿಯವು ಬೇಗನೇ ಹೋಗಿದ್ದವೆಂದು ಬೇರೆ ಪರೀಕ್ಷೆಗಳಲ್ಲಿ ಗೊತ್ತಾಗಿತ್ತು.

"ಚುಕ್ಕೆ ಅದೇ," ಎಂದ. "ಹೊತ್ಕೊಂಡು ತಿರುಗ್ತಾ ಇದ್ದದ್ದು ಬೇರೆ."

"ಅಕ್ಕಂಗೆ ಹೇಳಿದ್ರಾ?"

"ಕೊನೇ ಸ್ಕ್ಯಾನಿನ ದಿನ ಅವರೇ ಕೇಳಿದ್ರು. ನಿಮಗೆ ಹೇಳಬೇಡ ಅಂದ್ರು."

ತಂಗಿ ತನ್ನ ಅಂಗೈ ನೋಡಿಕೊಂಡಳು. ಸೆರಗಿನಲ್ಲಿ ಒರೆಸಿದಳು. ಮತ್ತೆ ನೋಡಿದಳು.

ಹೊರಗೆ ಮುಚ್ಚಳ ಹಾಕುವ ಸದ್ದಾಯಿತು.

ಇಬ್ಬರೂ ಹೊರಗೆ ಬರುವಷ್ಟರಲ್ಲಿ ಚಿಲಕ ಬಿದ್ದಿತ್ತು. ನಾಲ್ವರು ಪೆಟ್ಟಿಗೆ ಎತ್ತಿದರು. ಹೊಸ್ತಿಲಲ್ಲಿ ಅದು ಕೊಂಚ ವಾಲಿತು. ಒಳಗಿನಿಂದ ಸಣ್ಣಗೆ, ಘಲ್.

ಹೊತ್ತವರು ನಿಂತರು. ಅಂಗಿಯಲ್ಲಿ ಸೂಜಿ ಉಳಿದಿರಬೇಕು, ಎಂದ ಭಾವ. ಪಕ್ಕದ ಮನೆಯಾಕೆ ಪೆಟ್ಟಿಗೆಯ ಮೊಳೆ ಸಡಿಲಾಗಿದೆ ಎಂದಳು. ಮತ್ತೊಮ್ಮೆ, ಯಾರೂ ಅಲುಗಾಡದೆ ನಿಂತಿರುವಾಗಲೇ, ಘಲ್.

"ಇಳಿಸಿ," ಎಂದಳು ತಂಗಿ.

ಇಳಿಸಿದರು. ಭಾವ ಅವಳ ರಟ್ಟೆ ಹಿಡಿದ. ಅವನ ಕೈ ತಣ್ಣಗಿತ್ತು.

"ಬೇಡ ಕಣಮ್ಮ. ಅದು ಅವಳಲ್ಲ."

"ಗೊತ್ತು ಭಾವ," ಎಂದಳು. ಅವಳ ಬೆರಳು ಆಗಲೇ ಚಿಲಕವನ್ನು ಸರಿಸುತ್ತಿತ್ತು.